ಮಾವನವರ ಬಂದೂಕು ಸಂಗ್ರಹ ಹರಾಜಿಗೆ: ಸಹಿ ಹಾಕುವ ಮುನ್ನ ಏನೇನು ನೋಡಬೇಕು?

ಅಳಿಯ_ಅಮೆರಿಕ:
ಎಲ್ಲರಿಗೂ ನಮಸ್ಕಾರ. ನನ್ನ ಹೆಂಡತಿಯ ತಂದೆ ಅಮೆರಿಕದವರು, ಜೀವನವಿಡೀ ಹಳೆಯ ಬಂದೂಕುಗಳನ್ನು ಸಂಗ್ರಹಿಸಿದವರು. ಅವರು ತೀರಿಕೊಂಡ ಮೇಲೆ ಮರಣಶಾಸನದ ಪ್ರಕಾರ ಸಂಗ್ರಹವೆಲ್ಲ ನನ್ನ ಹೆಂಡತಿಗೆ ಬಂದಿದೆ. ಅದರಲ್ಲಿ ಒಂದು ಕೋಲ್ಟ್ ಸಿಂಗಲ್ ಆ್ಯಕ್ಷನ್ ಆರ್ಮಿ ರಿವಾಲ್ವರ್, ವಿಂಚೆಸ್ಟರ್ 1873 ಮಾದರಿಯ ರೈಫಲ್, ಅವರ ತಂದೆ ಎರಡನೆಯ ಮಹಾಯುದ್ಧದಿಂದ ತಂದ ಜರ್ಮನ್ ಲೂಗರ್ ಪಿಸ್ತೂಲು, ಒಂದಷ್ಟು ಸಾಮಾನ್ಯ ಬೇಟೆಯ ಬಂದೂಕುಗಳು ಇವೆ. ಒಂದು ಹರಾಜು ಸಂಸ್ಥೆಯ ಪ್ರತಿನಿಧಿ ಬಂದು ನೋಡಿ, ಒಪ್ಪಂದದ ಕರಡು ಬಿಟ್ಟುಹೋಗಿದ್ದಾರೆ. ಇನ್ನೊಬ್ಬ ವ್ಯಾಪಾರಿ ಎಲ್ಲವನ್ನೂ ಒಟ್ಟಿಗೆ ನಗದು ಕೊಟ್ಟು ಕೊಂಡುಕೊಳ್ಳುತ್ತೇನೆ ಎನ್ನುತ್ತಾರೆ. ಹಣ ಮುಖ್ಯವೇ. ಆದರೆ ಇವುಗಳ ಬೆಲೆ ತಿಳಿದವರ ಕೈಗೇ ಇವು ಸೇರಬೇಕು ಎಂಬುದು ನನ್ನ ಹೆಂಡತಿಯ ಆಸೆ. ಹರಾಜಿಗೆ ಮೊದಲು ಎಲ್ಲವನ್ನೂ ಉಜ್ಜಿ ಹೊಳಪು ಕೊಡಿಸಿ ಎಂದು ಸಂಬಂಧಿಕರೊಬ್ಬರು ಹೇಳಿದರು. ಅನುಭವವಿರುವವರು ದಾರಿ ತೋರಿಸಬೇಕು.

ಹಳೆಯ_ನಳಿಕೆ:
ಮೊದಲ ಮಾತು, ಯಾವುದನ್ನೂ ಉಜ್ಜಬೇಡಿ. ಉಕ್ಕಿನ ಉಣ್ಣೆ, ಪಾಲಿಶ್ ಪೇಸ್ಟು, ಮರಕ್ಕೆ ವಾರ್ನಿಷ್, ಇವು ಯಾವುವೂ ಆ ಬಂದೂಕುಗಳ ಹತ್ತಿರ ಸುಳಿಯಬಾರದು. ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ.

ಸಂಗ್ರಾಹಕರು ಹಣ ಕೊಡುವುದು ಕಬ್ಬಿಣಕ್ಕಲ್ಲ, ಕಾರ್ಖಾನೆಯಿಂದ ಹೊರಬಿದ್ದ ದಿನದ ಮೇಲ್ಮೈ ಎಷ್ಟು ಉಳಿದಿದೆ ಎಂಬುದಕ್ಕೆ. ಹಳೆಯ ಕೋಲ್ಟ್‌ನ ನಳಿಕೆಯ ಮೇಲೆ ನೀಲಿ ಲೇಪ ಇರುತ್ತದೆ. ಚೌಕಟ್ಟಿನ ಮೇಲೆ ಮೂಳೆ ಮತ್ತು ಇದ್ದಿಲಿನೊಂದಿಗೆ ಕಾಯಿಸಿ ಗಟ್ಟಿಗೊಳಿಸಿದಾಗ ಮೂಡಿದ ನೀಲಿ, ಕಂದು, ಬೂದು ಬಣ್ಣಗಳ ಮೋಡ ಇರುತ್ತದೆ. ಈ ಬಣ್ಣ ಕೈ ತಗುಲಿ, ಬೆಳಕು ಬಿದ್ದು ನಿಧಾನವಾಗಿ ಮಾಸುತ್ತದೆ. ಹಾಗೆ ಮಾಸಿದ್ದನ್ನು ಯಾರೂ ದೋಷವೆಂದು ಎಣಿಸುವುದಿಲ್ಲ. ಪ್ರಾಮಾಣಿಕವಾಗಿ ಸವೆದ ಬಂದೂಕಿಗೆ ಗೌರವವಿದೆ. ಉಜ್ಜಿ ಮತ್ತೆ ಲೇಪ ಕೊಟ್ಟದ್ದಕ್ಕೆ ಆ ಗೌರವವಿಲ್ಲ. ಅದೇ ಮಾದರಿ, ಅದೇ ವರ್ಷದ್ದಾದರೂ ಬೆಲೆ ಅರ್ಧಕ್ಕಿಂತ ಕೆಳಗೆ ಬೀಳಬಹುದು.

ಉಜ್ಜಿದ್ದು ಗೊತ್ತಾಗುವುದಿಲ್ಲ ಎಂದುಕೊಳ್ಳಬೇಡಿ. ಅಂಚುಗಳು ದುಂಡಗಾಗಿರುತ್ತವೆ. ತಿರುಪಿನ ರಂಧ್ರದ ಸುತ್ತ ತಟ್ಟೆಯಂತೆ ತಗ್ಗು ಬಿದ್ದಿರುತ್ತದೆ. ನಳಿಕೆಯ ಮೇಲಿನ ವಿಳಾಸದ ಅಕ್ಷರಗಳು ತೆಳುವಾಗಿ, ಒಂದು ಬದಿ ಅಳಿಸಿದಂತೆ ಕಾಣುತ್ತವೆ. ತಿಳಿದವರು ಭೂತಗನ್ನಡಿ ಹಿಡಿದು ಮೊದಲು ನೋಡುವುದೇ ಇವನ್ನು.

ಧೂಳಿದ್ದರೆ ಮೃದುವಾದ ಬಟ್ಟೆಯಿಂದ ಒರೆಸಿ. ಬರಿಗೈಯಿಂದ ಲೋಹ ಮುಟ್ಟಬೇಡಿ, ಬೆವರಿನ ಉಪ್ಪು ತುಕ್ಕು ಹಿಡಿಸುತ್ತದೆ. ಚರ್ಮದ ಒರೆಯಲ್ಲಿ ಇಟ್ಟಿದ್ದರೆ ಹೊರತೆಗೆದು ಬೇರೆ ಇಡಿ, ಚರ್ಮ ತೇವವನ್ನು ಹೀರಿ ಹಿಡಿದಿಡುತ್ತದೆ. ಆದರೆ ಒರೆಯನ್ನು ಎಸೆಯಬೇಡಿ; ಲೂಗರ್‌ನ ಮೂಲ ಒರೆಗೆ ತನ್ನದೇ ಬೆಲೆಯಿದೆ. ಇದೆಲ್ಲಕ್ಕೂ ಮೊದಲು, ಬಲ್ಲವರೊಬ್ಬರನ್ನು ಕರೆಸಿ ಪ್ರತಿಯೊಂದರಲ್ಲೂ ಗುಂಡು ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಗೋಡೆಗೆ ತೂಗುಹಾಕಿದ್ದ ಹಳೆಯ ಬಂದೂಕುಗಳಲ್ಲೂ ಮದ್ದು ತುಂಬಿರುವುದುಂಟು.

ಕಾಗದದ_ಕಟ್ಟು:
ಮೇಲಿನವರು ಮೇಲ್ಮೈ ಬಗ್ಗೆ ಹೇಳಿದರು. ನಾನು ಕಾಗದದ ಬಗ್ಗೆ ಹೇಳುತ್ತೇನೆ, ಏಕೆಂದರೆ ಮನೆ ಖಾಲಿ ಮಾಡುವಾಗ ಮೊದಲು ಕಸದ ಬುಟ್ಟಿ ಸೇರುವುದು ಅದೇ.

ಎರಡು ಹರಾಜುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1873ರ ಜುಲೈಯಲ್ಲಿ ಬ್ರಸೆಲ್ಸ್‌ನಲ್ಲಿ ಕವಿ ವೆರ್ಲೇನ್ ತನ್ನ ಗೆಳೆಯ, ಕವಿ ರ‍್ಯಾಂಬೋ ಮೇಲೆ ಗುಂಡು ಹಾರಿಸಿದ. ಆ ರಿವಾಲ್ವರ್ 2016ರ ನವೆಂಬರ್‌ನಲ್ಲಿ ಪ್ಯಾರಿಸ್‌ನ ಕ್ರಿಸ್ಟೀಸ್ ಹರಾಜಿನಲ್ಲಿ 4,34,500 ಯೂರೋಗೆ ಹೋಯಿತು. 2019ರ ಜೂನ್‌ನಲ್ಲಿ ಅದೇ ಪ್ಯಾರಿಸ್‌ನಲ್ಲಿ, ಚಿತ್ರಕಾರ ವ್ಯಾನ್ ಗೋ ತನ್ನ ಮೇಲೆ ತಾನೇ ಗುಂಡು ಹಾರಿಸಿಕೊಂಡದ್ದು ಇದರಿಂದಲೇ ಇರಬಹುದು ಎನ್ನಲಾದ ರಿವಾಲ್ವರ್ 1,62,500 ಯೂರೋಗೆ ಮಾರಾಟವಾಯಿತು. ಎರಡೂ 7 ಮಿಲಿಮೀಟರ್‌ನ ಲೆಫೋಶೋ ಮಾದರಿಯವು. ಚಿತ್ರಕಾರನ ಖ್ಯಾತಿಯೋ ಕವಿಗಳಿಗಿಂತ ಎಷ್ಟೋ ಪಾಲು ಹೆಚ್ಚು. ಆದರೂ ಬೆಲೆ ತಲೆಕೆಳಗಾಯಿತು.

ವೆರ್ಲೇನ್‌ನ ರಿವಾಲ್ವರಿನ ಹಿಂದೆ ಪೊಲೀಸ್ ತನಿಖೆ ಇತ್ತು, ನ್ಯಾಯಾಲಯದ ಪ್ರಕರಣ ಇತ್ತು, ಬಂದೂಕು ವ್ಯಾಪಾರಿಯ ಖಾತೆಯಲ್ಲಿ ಕ್ರಮಸಂಖ್ಯೆ ಇತ್ತು. ವ್ಯಾನ್ ಗೋ ಹೆಸರಿನದು ಅವನು ಗುಂಡು ಹಾರಿಸಿಕೊಂಡ ಊರಾದ ಓವೇರ್ ಸುರ್ ಊಆಜ್‌ನ ಹೊಲದಲ್ಲಿ ಎಷ್ಟೋ ದಶಕಗಳ ನಂತರ ರೈತನೊಬ್ಬನಿಗೆ ಸಿಕ್ಕ ತುಕ್ಕು ಹಿಡಿದ ಲೋಹ. ಸಿಕ್ಕ ಜಾಗ ಹೊಂದುತ್ತದೆ, ಗುಂಡಿನ ಗಾತ್ರ ಹೊಂದುತ್ತದೆ, ಮಣ್ಣಿನಲ್ಲಿ ಹೂತಿದ್ದ ಕಾಲ ಹೊಂದುತ್ತದೆ. ಆದರೆ ಇದೇ ಅದು ಎಂದು ಯಾವ ಕಾಗದವೂ ಹೇಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಆ ಅಂತರದ ದೊಡ್ಡ ಪಾಲು ಕಾಗದದ ಬೆಲೆ.

ಅಮೆರಿಕದ ಕುಖ್ಯಾತ ಡಕಾಯಿತ ಬಿಲ್ಲಿ ದಿ ಕಿಡ್‌ನನ್ನು ಕೊಂದ ಶೆರೀಫ್ ಪ್ಯಾಟ್ ಗ್ಯಾರೆಟ್‌ನ ಕೋಲ್ಟ್ 2021ರ ಆಗಸ್ಟ್‌ನಲ್ಲಿ ಬಾನಮ್ಸ್ ಹರಾಜಿನಲ್ಲಿ 60 ಲಕ್ಷ ಡಾಲರ್ ದಾಟಿತಲ್ಲ, ಅಲ್ಲಿಯೂ ಇದೇ ಕಥೆ. ಆ ರಿವಾಲ್ವರಿಗಾಗಿ ಗ್ಯಾರೆಟ್‌ನ ಹೆಂಡತಿ 1930ರ ದಶಕದಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿ ಗೆದ್ದಿದ್ದರು. ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಸರಪಳಿ ಎಲ್ಲಿಯೂ ಕಡಿದಿರಲಿಲ್ಲ.

ಆದ್ದರಿಂದ ನಿಮ್ಮ ಮಾವನವರ ಮೇಜಿನ ಖಾನೆಗಳನ್ನು ಹುಡುಕಿ. ಖರೀದಿ ರಸೀದಿ, ಹಳೆಯ ಪತ್ರ, ಬಂದೂಕು ಹಿಡಿದು ನಿಂತ ಫೋಟೋ, ಟಿಪ್ಪಣಿ ಪುಸ್ತಕ ಎಲ್ಲವನ್ನೂ ಕೂಡಿಡಿ. ಲೂಗರ್ ಯುದ್ಧದಿಂದ ಬಂದದ್ದು ಎನ್ನುತ್ತೀರಿ. ಸೈನಿಕರು ವಶಪಡಿಸಿಕೊಂಡ ಆಯುಧವನ್ನು ಮನೆಗೆ ಒಯ್ಯಲು ಮೇಲಧಿಕಾರಿ ಸಹಿ ಮಾಡಿದ ಅನುಮತಿ ಪತ್ರ ಕೊಡುತ್ತಿದ್ದರು. ಆ ಒಂದು ಹಾಳೆ ಸಿಕ್ಕಿದರೆ ಪಿಸ್ತೂಲಿನ ಸ್ಥಾನವೇ ಬದಲಾಗುತ್ತದೆ.

ಕೋಲ್ಟ್ ಕಂಪನಿಯ ದಾಖಲೆ ವಿಭಾಗಕ್ಕೆ ಶುಲ್ಕ ಕಟ್ಟಿ ಕ್ರಮಸಂಖ್ಯೆ ಕೊಟ್ಟರೆ, ಆ ರಿವಾಲ್ವರ್ ಯಾವಾಗ, ಯಾರಿಗೆ, ಎಷ್ಟು ಉದ್ದದ ನಳಿಕೆ ಮತ್ತು ಯಾವ ಲೇಪದೊಂದಿಗೆ ಹೋಯಿತು ಎಂದು ಪತ್ರ ಕೊಡುತ್ತಾರೆ. ವಿಂಚೆಸ್ಟರ್‌ನ ಅನೇಕ ಮಾದರಿಗಳ ಮೂಲ ಖಾತೆ ಪುಸ್ತಕಗಳು ವಯೋಮಿಂಗ್ ರಾಜ್ಯದ ಕೋಡಿಯಲ್ಲಿರುವ ಬಂದೂಕು ವಸ್ತುಸಂಗ್ರಹಾಲಯದಲ್ಲಿವೆ. ಎರಡಕ್ಕೂ ಇಂದೇ ಬರೆಯಿರಿ.

ಸಾಕ್ಷ್ಯ_ಪ್ರಿಯ:
ಕಾರ್ಖಾನೆಯ ಪತ್ರಕ್ಕೆ ಒಂದು ಮಿತಿಯಿದೆ, ಅದನ್ನೂ ಹೇಳಬೇಕು. ಬಂದೂಕು ಹೊರಟ ದಿನ ಹೇಗಿತ್ತು ಎಂದಷ್ಟೇ ಅದು ಹೇಳುತ್ತದೆ. ಇಂದು ನಿಮ್ಮ ಕೈಯಲ್ಲಿರುವುದು ಅದೇ ಬಂದೂಕು ಎಂದು ಹೇಳುವುದಿಲ್ಲ. ಖೋಟಾ ಮಾಡುವವರು ಮೊದಲು ಒಳ್ಳೆಯ ಚರಿತ್ರೆಯಿರುವ ಕ್ರಮಸಂಖ್ಯೆ ಹುಡುಕಿ, ಆಮೇಲೆ ಅದನ್ನು ಬೇರೊಂದು ಬಂದೂಕಿನ ಮೇಲೆ ಒತ್ತುತ್ತಾರೆ. ವಿಂಚೆಸ್ಟರ್ 1873ರ ‘ಸಾವಿರದಲ್ಲಿ ಒಂದು’ ಎಂಬ ವಿಶೇಷ ದರ್ಜೆಯ ರೈಫಲ್‌ಗಳು ತಯಾರಾದದ್ದೇ ಇನ್ನೂರಕ್ಕಿಂತ ಕಡಿಮೆ; ನಕಲಿಗಳಿಗೇನೂ ಕೊರತೆಯಿಲ್ಲ.

ವಸ್ತುವೇ ಸಾಕ್ಷಿ ನುಡಿಯುವುದೂ ಉಂಟು. 2015ರ ಏಪ್ರಿಲ್‌ನಲ್ಲಿ ಲಂಡನ್‌ನ ಬಾನಮ್ಸ್‌ನಲ್ಲಿ ಟಿಪ್ಪು ಸುಲ್ತಾನನ ಆಯುಧಗಳು ಹರಾಜಾದವು. ಅದರಲ್ಲಿ ಅವನ ಸ್ವಂತ ಆಯುಧಾಗಾರದ, ಎರಡು ಗುಂಡು ಹಾರಿಸುವ ಚಕಮಕಿ ಬೇಟೆ ಬಂದೂಕು 7,22,500 ಪೌಂಡ್‌ಗೆ ಹೋಯಿತು. ಶ್ರೀರಂಗಪಟ್ಟಣದ ಕಾರ್ಖಾನೆಯ ಬಂದೂಕುಗಳ ಮೇಲೆ ಹುಲಿಪಟ್ಟೆಯ ಗುರುತು, ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಶಕೆಯ ವರ್ಷ, ಇವೆಲ್ಲ ಇರುತ್ತವೆ. 1799ರ ಪತನದ ನಂತರ ಹೊರಗೆ ಹೋದ ವಸ್ತುಗಳಿಗೆ ರಸೀದಿ ಎಲ್ಲಿಂದ ಬರಬೇಕು? ಲೋಹ, ಕೆತ್ತನೆ, ಶಕೆಯ ಲೆಕ್ಕ, ಇವನ್ನು ಓದಬಲ್ಲ ಕಣ್ಣೇ ಅಲ್ಲಿ ಪ್ರಮಾಣಪತ್ರ. ಆ ಬಂದೂಕುಗಳು ಖಾಸಗಿ ಕೈಗಳಲ್ಲಿ ಸುತ್ತುತ್ತಿರುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ, ಅದು ಬೇರೆ ಮಾತು.

ಕಾಗದದ_ಕಟ್ಟು:
ಒಪ್ಪಿದೆ. ಆದರೆ ಟಿಪ್ಪುವಿನ ಬಂದೂಕು ಒಂದು ರಾಜ್ಯದ ಮುದ್ರೆ ಹೊತ್ತದ್ದು. ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ತಯಾರಾದ ಕೋಲ್ಟ್‌ಗೆ ಆ ಭಾಗ್ಯವಿಲ್ಲ. ಒಂದರ ಪಕ್ಕ ಇನ್ನೊಂದಿಟ್ಟರೆ ಅವಳಿಗಳೇ. ಬೇರ್ಪಡಿಸುವುದು ಕಾಗದ ಮಾತ್ರ.

ಕಾನೂನು_ಕಣ್ಣು:
ಕಾನೂನಿನ ಕಡೆ ಯಾರೂ ಮಾತಾಡಿಲ್ಲ. ಅಮೆರಿಕದ ಒಕ್ಕೂಟ ಕಾನೂನಿನ ಮುಖ್ಯಾಂಶ ಇಷ್ಟು. ರಾಜ್ಯದ ಕಾನೂನು ಇನ್ನೂ ಬಿಗಿಯಾಗಿರಬಹುದು, ಆದ್ದರಿಂದ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

1898 ಅಥವಾ ಅದಕ್ಕೂ ಮೊದಲು ತಯಾರಾದ ಬಂದೂಕು ಪುರಾತನ ವಸ್ತುವಾಗಿ ಗಣನೆಗೆ ಬರುತ್ತದೆ. ನಿಮ್ಮ ಕೋಲ್ಟ್ ಈ ಗೆರೆಯ ಯಾವ ಬದಿಗಿದೆ ಎಂಬುದು ಕ್ರಮಸಂಖ್ಯೆಯಿಂದ ತಿಳಿಯುತ್ತದೆ. ಅದು ಬೆಲೆಯನ್ನೂ ಪ್ರಭಾವಿಸುತ್ತದೆ, ಏಕೆಂದರೆ ಪುರಾತನವಾದರೆ ಕೊಳ್ಳುವವರಿಗೆ ತೊಡಕು ಕಡಿಮೆ. ಅದರ ನಂತರದ, ಆದರೆ ತಯಾರಾಗಿ 50 ವರ್ಷ ದಾಟಿದ ಬಂದೂಕುಗಳು ಸಂಗ್ರಹಯೋಗ್ಯ ವರ್ಗಕ್ಕೆ ಸೇರುತ್ತವೆ. ಅವುಗಳಿಗಾಗಿ ಸಂಗ್ರಾಹಕರಿಗೆ ಪ್ರತ್ಯೇಕ ಪರವಾನಗಿ ಉಂಟು. ಆ ಪರವಾನಗಿ ಇಲ್ಲದ, ಬೇರೆ ರಾಜ್ಯದ ಖರೀದಿದಾರರಿಗೆ ಹರಾಜು ಸಂಸ್ಥೆ ನೇರವಾಗಿ ಕಳುಹಿಸುವಂತಿಲ್ಲ. ಅವರ ರಾಜ್ಯದ ಪರವಾನಗಿದಾರ ವ್ಯಾಪಾರಿಗೆ ಹೋಗಿ, ಅಲ್ಲಿ ನಮೂನೆ ತುಂಬಿ, ಹಿನ್ನೆಲೆ ತಪಾಸಣೆ ಮುಗಿದ ಮೇಲೆಯೇ ಕೈಗೆ ಸಿಗುತ್ತದೆ.

ಇನ್ನೊಂದು ಗಂಭೀರ ವಿಷಯ. ಸಂಗ್ರಹದಲ್ಲಿ ಮೆಷಿನ್ ಗನ್ ಇದೆಯೇ? 1934ರ ಕಾನೂನಿನ ಪ್ರಕಾರ ಅದು ನೋಂದಣಿಯಾಗಿರಬೇಕು. 1986ರ ಮೇ 19ರ ನಂತರ ಖಾಸಗಿಯವರಿಗೆ ಹೊಸ ಮೆಷಿನ್ ಗನ್ ನೋಂದಣಿ ಮುಚ್ಚಿಹೋಗಿದೆ. ನೋಂದಣಿಯಾದದ್ದು ವಾರಸುದಾರರಿಗೆ ತೆರಿಗೆಯಿಲ್ಲದೆ ವರ್ಗವಾಗುತ್ತದೆ, ಅರ್ಜಿ ಹಾಕಬೇಕಷ್ಟೆ. ನೋಂದಣಿಯಿಲ್ಲದ್ದು ಅಟ್ಟದ ಮೇಲೆ ಸಿಕ್ಕರೆ ಅದನ್ನು ಎಲ್ಲಿಗೂ ಒಯ್ಯಬೇಡಿ, ಯಾರಿಗೂ ತೋರಿಸಿ ಬೆಲೆ ಕೇಳಬೇಡಿ. ಮೊದಲು ವಕೀಲರಿಗೆ ಫೋನ್ ಮಾಡಿ.

ತೆರಿಗೆಯ ಮಾತು. ಮಾವನವರು ತೀರಿಕೊಂಡ ದಿನದ ಮಾರುಕಟ್ಟೆ ಬೆಲೆಯೇ ನಿಮ್ಮ ಹೆಂಡತಿಯ ಪಾಲಿಗೆ ಮೂಲ ಬೆಲೆ. ಅದರ ಮೇಲೆ ಬಂದ ಲಾಭಕ್ಕೆ ಮಾತ್ರ ತೆರಿಗೆ. ಸಂಗ್ರಹ ವಸ್ತುಗಳ ದೀರ್ಘಾವಧಿ ಲಾಭಕ್ಕೆ ಒಕ್ಕೂಟದ ಗರಿಷ್ಠ ದರ ಶೇ 28. ಹಾಗಾಗಿ ಸ್ವತಂತ್ರ ಮೌಲ್ಯಮಾಪಕರಿಂದ ಆ ದಿನಾಂಕದ ಬೆಲೆಪಟ್ಟಿಯನ್ನು ಲಿಖಿತವಾಗಿ ಮಾಡಿಸಿಕೊಳ್ಳಿ. ಕೊಳ್ಳಲು ಕಾದಿರುವ ವ್ಯಾಪಾರಿಯಿಂದ ಅದನ್ನು ಮಾಡಿಸಬೇಡಿ.

ಲೆಕ್ಕಿಗ:
ಒಪ್ಪಂದದ ಕರಡು ಕೈಯಲ್ಲಿದೆ ಎಂದಿರಿ. ಅದನ್ನು ಕುಳಿತು, ಪೆನ್ಸಿಲ್ ಹಿಡಿದು ಓದಿ.

ಹರಾಜುಗಾರ ಸುತ್ತಿಗೆ ಬಡಿದಾಗಿನ ಬೆಲೆ 10,000 ಡಾಲರ್ ಎಂದುಕೊಳ್ಳೋಣ. ಕೊಳ್ಳುವವರ ಮೇಲಿನ ಹೆಚ್ಚುವರಿ ಶುಲ್ಕ ಶೇ 20 ಇದ್ದರೆ ಅವರು ಕೊಡುವುದು 12,000, ತೆರಿಗೆ ಬೇರೆ. ಮಾರುವವರ ಕಮಿಷನ್ ಶೇ 15 ಇದ್ದರೆ ನಿಮಗೆ ಸಿಗುವುದು 8,500. ನಡುವಿನ 3,500 ಸಂಸ್ಥೆಯದು. ಪತ್ರಿಕೆಗಳಲ್ಲಿ ಓದುವ ದಾಖಲೆ ಬೆಲೆಗಳಲ್ಲಿ ಸಾಮಾನ್ಯವಾಗಿ ಈ ಶುಲ್ಕ ಸೇರಿರುತ್ತದೆ. ಮೇಲೆ ಹೇಳಿದ ವ್ಯಾನ್ ಗೋ ರಿವಾಲ್ವರಿನ ಸುತ್ತಿಗೆ ಬೆಲೆ 1,30,000 ಯೂರೋ. 1,62,500 ಆದದ್ದು ಶುಲ್ಕ ಕೂಡಿದ ಮೇಲೆ.

ಕಮಿಷನ್ ಕಲ್ಲಿನಲ್ಲಿ ಕೊರೆದದ್ದಲ್ಲ, ಚೌಕಾಸಿ ಮಾಡಿ. ಒಳ್ಳೆಯ ಸಂಗ್ರಹ ತಮ್ಮ ಕೈಬಿಡಬಾರದೆಂದು ಮಾರುವವರ ಕಮಿಷನ್ ಪೂರ್ತಿ ಬಿಟ್ಟುಕೊಡುವ ಸಂಸ್ಥೆಗಳಿವೆ. ಕೋಲ್ಟ್ ಮತ್ತು ವಿಂಚೆಸ್ಟರ್ ನಿಮ್ಮ ತುರುಪಿನೆಲೆ. ಅವು ಬೇಕೆಂದರೆ ಸಾಮಾನ್ಯ ಬಂದೂಕುಗಳನ್ನೂ ಅದೇ ದರದಲ್ಲಿ ತೆಗೆದುಕೊಳ್ಳಬೇಕು ಎನ್ನಿ.

ಆಮೇಲೆ ಈ ಷರತ್ತುಗಳನ್ನು ಹುಡುಕಿ. ಫೋಟೋ, ವಿಮೆ, ಸಾಗಣೆ ಖರ್ಚು ಯಾರದು? ಮೀಸಲು ಬೆಲೆಯನ್ನು, ಅಂದರೆ ಇದಕ್ಕಿಂತ ಕೆಳಗೆ ಮಾರಬಾರದೆಂದು ಗೊತ್ತುಮಾಡಿದ ಬೆಲೆಯನ್ನು, ನಿಮ್ಮನ್ನು ಕೇಳದೆ ಇಳಿಸುವ ಹಕ್ಕನ್ನು ಅವರು ಬರೆದುಕೊಂಡಿದ್ದಾರೆಯೇ? ಮಾರಾಟವಾಗದೆ ಉಳಿದರೆ ದಂಡ ಉಂಟೇ? ಹರಾಜು ಮುಗಿದ ಎಷ್ಟು ದಿನಕ್ಕೆ ಹಣ ಬರುತ್ತದೆ? ಕೊಂಡವನು ಹಣ ಕಟ್ಟದೆ ಹೋದರೆ ಏನು? ಅಸಲಿಯಲ್ಲವೆಂದು ಖರೀದಿದಾರ ಮರಳಿಸಿದರೆ, ನಿಮಗೆ ಬಂದ ಹಣವನ್ನು ಎಷ್ಟು ಕಾಲದವರೆಗೆ ವಾಪಸ್ ಕೇಳಬಹುದು? ಈ ಕೊನೆಯದನ್ನು ಬಹಳ ಮಂದಿ ಓದುವುದೇ ಇಲ್ಲ.

ಮೀಸಲು ಬೆಲೆಯನ್ನು ಆಸೆಯಿಂದ ಏರಿಸಬೇಡಿ. ಮಾರಾಟವಾಗದೆ ಉಳಿದ ವಸ್ತುವಿನ ದಾಖಲೆ ಅಂತರಜಾಲದಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಮುಂದಿನ ಸಲ ಅದನ್ನು ಹರಾಜಿಗಿಟ್ಟರೆ ಕೊಳ್ಳುವವರು ಇದು ಯಾಕೆ ಹೋಗಲಿಲ್ಲ ಎಂದೇ ಶುರುಮಾಡುತ್ತಾರೆ.

ಅಂಗಡಿಯ_ಅನುಭವಿ:
ಎಲ್ಲರೂ ಹರಾಜು ಎನ್ನುತ್ತಿದ್ದೀರಿ. ಹಳೆಯ ಬಂದೂಕುಗಳ ವ್ಯಾಪಾರದಲ್ಲಿ ಬಹುಕಾಲ ಇದ್ದವನಾಗಿ ನನ್ನ ಅಭಿಪ್ರಾಯ ಬೇರೆ. ಕಾರ್ಖಾನೆಯಿಂದ ಹಿಂಡುಗಟ್ಟಲೆ ಬಂದ ಬೇಟೆ ಬಂದೂಕನ್ನು ದೊಡ್ಡ ಹರಾಜಿಗೆ ಕಳುಹಿಸುವುದರಲ್ಲಿ ಅರ್ಥವಿಲ್ಲ. ಸಾಗಣೆ, ಕಮಿಷನ್ ಕಳೆದರೆ ಕೈಯಲ್ಲಿ ಉಳಿಯುವುದು ವ್ಯಾಪಾರಿ ಕೊಡುವ ನಗದಿಗಿಂತ ಹೆಚ್ಚಿರುವುದಿಲ್ಲ. ಹರಾಜಿನಲ್ಲಿ ಬೆಲೆ ಏರಬೇಕಾದರೆ ಅದೇ ವಸ್ತುವಿಗೆ ಹಠ ಹಿಡಿದ ಇಬ್ಬರಾದರೂ ಆ ಹೊತ್ತಿಗೆ ಅಲ್ಲಿರಬೇಕು. ಒಬ್ಬನೇ ಇದ್ದರೆ ಅಪರೂಪದ ವಸ್ತುವೂ ಅಗ್ಗಕ್ಕೆ ಹೋಗುತ್ತದೆ. ವ್ಯಾಪಾರಿ ಲಾಭ ಇಟ್ಟುಕೊಳ್ಳುತ್ತಾನೆ, ನಿಜ. ಆದರೆ ಅನಿಶ್ಚಯವನ್ನೂ ಅವನೇ ಹೊರುತ್ತಾನೆ.

ಹಾಗೆಂದು ಎಲ್ಲವನ್ನೂ ಒಟ್ಟಿಗೆ ಕೊಡಬೇಡಿ. ಒಂದೇ ಮೊತ್ತ ಹೇಳುವವನ ಕಣ್ಣು ಇರುವುದು ಸಂಗ್ರಹದ ಅತ್ಯುತ್ತಮ ವಸ್ತುವಿನ ಮೇಲೆ. ಪ್ರತಿಯೊಂದಕ್ಕೂ ಬೇರೆ ಬೇರೆ ಬೆಲೆ ಬರೆದುಕೊಡಿ ಎಂದು ಕೇಳಿ. ಬರೆಯಲು ಒಪ್ಪದಿದ್ದರೆ ಅಲ್ಲಿಗೇ ಬಿಡಿ.

ಹಳೆಯ_ನಳಿಕೆ:
ಇದು ಸರಿಯಾದ ಮಾತು. ಆ ಲೂಗರ್ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ಸೇನೆಗೆ ಪೂರೈಸಿದ ಲೂಗರ್‌ನ ಚಿಕ್ಕಪುಟ್ಟ ಭಾಗಗಳ ಮೇಲೂ ಕ್ರಮಸಂಖ್ಯೆಯ ಕೊನೆಯ ಎರಡು ಅಂಕಿ ಒತ್ತಿರುತ್ತಾರೆ. ಎಲ್ಲ ಭಾಗಗಳೂ ಹೊಂದಿಕೊಂಡು, ಗುಂಡು ತುಂಬಿಡುವ ಮ್ಯಾಗಜೀನ್ ಕೂಡ ಅದೇ ಸಂಖ್ಯೆಯದಾಗಿದ್ದರೆ ಅದು ವ್ಯಾಪಾರಿಗೆ ಸಾಮಾನ್ಯ ದರದಲ್ಲಿ ಬಿಟ್ಟುಕೊಡುವ ವಸ್ತುವಲ್ಲ. ಹೊಂದುವ ಮ್ಯಾಗಜೀನ್ ಬೇರೆ ಕಡೆ ಬಿದ್ದಿರಬಹುದು, ಮನೆಯ ಮೂಲೆಮೂಲೆ ನೋಡಿ.

ಹೊಸ_ಸಂಗ್ರಾಹಕಿ:
ನನ್ನದು ಕೊಳ್ಳುವವರ ಕಡೆಯ ಪ್ರಶ್ನೆ. ಕ್ಯಾಟಲಾಗಿನಲ್ಲಿ ‘ಇಂಥವರಿಗೆ ಸೇರಿದ್ದೆಂದು ಹೇಳಲಾಗುತ್ತದೆ’ ಎಂದು ಬರೆದಿರುವ ರಿವಾಲ್ವರ್ ಒಂದನ್ನು ನೋಡಿದೆ. ಹರಾಜಿನ ಸ್ಥಳಕ್ಕೆ ಹೋಗಲು ಆಗುವುದಿಲ್ಲ. ಫೋನಿನಲ್ಲಿ ಸವಾಲು ಕೂಗಬಹುದೇ?

ಸಾಕ್ಷ್ಯ_ಪ್ರಿಯ:
ಕೂಗಬಹುದು, ಆದರೆ ಆ ಒಂದು ಸಾಲಿಗಾಗಿ ಹೆಚ್ಚು ಹಣ ಕೊಡಬೇಡಿ. ‘ಹೇಳಲಾಗುತ್ತದೆ’, ‘ನಂಬಲಾಗಿದೆ’, ‘ಕುಟುಂಬದ ಕಥೆಯ ಪ್ರಕಾರ’ ಎಂಬ ಪದಗಳನ್ನು ಸಂಸ್ಥೆಯ ವಕೀಲರು ತೂಗಿ ಇಟ್ಟಿರುತ್ತಾರೆ. ಹರಾಜಿನಲ್ಲಿ ವಸ್ತು ಇದ್ದ ಸ್ಥಿತಿಯಲ್ಲೇ ಮಾರಾಟವಾಗುತ್ತದೆ. ಖಾತರಿ ಇದ್ದರೂ ಅದು ಯಾವ ಮಾತಿಗೆ, ಎಷ್ಟು ದಿನಕ್ಕೆ ಎಂದು ನಿಯಮಾವಳಿಯಲ್ಲಿ ಬರೆದಿರುತ್ತದೆ. ಆ ಹೆಸರನ್ನು ಕೈಯಿಂದ ಮುಚ್ಚಿಕೊಂಡು, ಬರೀ ರಿವಾಲ್ವರಿಗೆ ಎಷ್ಟು ಕೊಡುತ್ತೀರಿ ಎಂದು ಯೋಚಿಸಿ. ಅದೇ ನಿಮ್ಮ ಮಿತಿ.

ಸ್ಥಿತಿಯ ವರದಿಯನ್ನು ಬರಹದಲ್ಲಿ ಕೇಳಿ. ತಿರುಪಿನ ತಲೆ, ನಳಿಕೆಯ ಅಕ್ಷರಗಳು, ಕ್ರಮಸಂಖ್ಯೆಯಿರುವ ಪ್ರತಿಯೊಂದು ಜಾಗ, ನಳಿಕೆಯ ಒಳಭಾಗ, ಇವುಗಳ ಹತ್ತಿರದ ಫೋಟೋ ಕೇಳಿ. ಒಳ್ಳೆಯ ಸಂಸ್ಥೆ ಬೇಸರಿಸದೆ ಕಳುಹಿಸುತ್ತದೆ. ಮಿತಿ ನಿರ್ಧರಿಸುವಾಗ ಶುಲ್ಕ, ತೆರಿಗೆ, ಸಾಗಣೆ ಸೇರಿಸಿ ಲೆಕ್ಕ ಹಾಕಿ, ಸುತ್ತಿಗೆ ಬೆಲೆಯನ್ನಲ್ಲ.

ಬೇರೆ ದೇಶದ ಹರಾಜಾದರೆ ರಫ್ತಿನ ನಿಯಮವನ್ನು ಮೊದಲೇ ವಿಚಾರಿಸಿ. ನೆಪೋಲಿಯನ್ 1814ರಲ್ಲಿ ಪ್ರಾಣ ಕಳೆದುಕೊಳ್ಳಲು ಯೋಚಿಸಿದ್ದ ಪಿಸ್ತೂಲುಗಳ ಜೋಡಿ 2024ರ ಜುಲೈಯಲ್ಲಿ ಫಾಂಟೆನ್‌ಬ್ಲೋದಲ್ಲಿ 16.9 ಲಕ್ಷ ಯೂರೋಗೆ ಹೋಯಿತು. ಆದರೆ ಫ್ರಾನ್ಸ್ ಸರ್ಕಾರ ಅವನ್ನು ರಾಷ್ಟ್ರೀಯ ನಿಧಿ ಎಂದು ಘೋಷಿಸಿ ರಫ್ತನ್ನು ತಡೆಯಿತು. ತಾನೇ ಕೊಳ್ಳುವ ಪ್ರಸ್ತಾಪ ಇಡಲು ಸರ್ಕಾರಕ್ಕೆ ಆಗ 30 ತಿಂಗಳ ಅವಕಾಶ ಸಿಕ್ಕಿತು. ಆ ಅವಧಿಯಲ್ಲಿ ಹಣ ಕಟ್ಟಿದವರಿಗೂ ವಸ್ತುವನ್ನು ಶಾಶ್ವತವಾಗಿ ಗಡಿ ದಾಟಿಸುವ ಹಕ್ಕಿರಲಿಲ್ಲ.

ಅಳಿಯ_ಅಮೆರಿಕ:
ಎಲ್ಲರಿಗೂ ಹೃದಯಪೂರ್ವಕ ಧನ್ಯವಾದ. ಯಾವುದನ್ನೂ ಉಜ್ಜಿಲ್ಲ, ಉಜ್ಜುವುದೂ ಇಲ್ಲ. ಮಾವನವರ ಟಿಪ್ಪಣಿ ಪುಸ್ತಕ ಸಿಕ್ಕಿದೆ. ಯಾವುದನ್ನು ಯಾರಿಂದ ಕೊಂಡರೆಂದು ಚೊಕ್ಕವಾಗಿ ಬರೆದಿಟ್ಟಿದ್ದಾರೆ. ಅದನ್ನು ಓದುತ್ತಾ ನನ್ನ ಹೆಂಡತಿ ಬಹಳ ಹೊತ್ತು ಕುಳಿತಿದ್ದಳು. ಕೋಲ್ಟ್ ಮತ್ತು ವಿಂಚೆಸ್ಟರ್ ಪತ್ರಗಳಿಗೆ ಅರ್ಜಿ ಹಾಕಿದ್ದೇವೆ. ಬೇಟೆ ಬಂದೂಕುಗಳಿಗೆ ಇಬ್ಬರು ವ್ಯಾಪಾರಿಗಳಿಂದ ಬೇರೆ ಬೇರೆ ಬೆಲೆ ಬರೆಸಿಕೊಳ್ಳುತ್ತೇವೆ. ಕೋಲ್ಟ್, ವಿಂಚೆಸ್ಟರ್, ಲೂಗರ್ ಮಾತ್ರ ಹರಾಜಿಗೆ. ಒಂದು ಹೊಸ ವಿಷಯ: ಕೋಲ್ಟ್‌ನ ಹಿಡಿ ದಂತದ್ದು ಎಂದು ಪುಸ್ತಕದಲ್ಲಿದೆ. ಇದರಿಂದ ತೊಂದರೆಯಾಗುತ್ತದೆಯೇ?

ಕಾನೂನು_ಕಣ್ಣು:
ಸಂಸ್ಥೆಗೆ ಇವತ್ತೇ ತಿಳಿಸಿ. ಆಫ್ರಿಕದ ಆನೆಯ ದಂತದ ಅಂತರರಾಜ್ಯ ಮಾರಾಟವನ್ನು ಅಮೆರಿಕ 2016ರಿಂದ ಬಹುತೇಕ ನಿಷೇಧಿಸಿದೆ. ನೂರು ವರ್ಷ ದಾಟಿದ ಪುರಾತನ ವಸ್ತುಗಳಿಗೆ ವಿನಾಯಿತಿಯಿದೆ, ಆದರೆ ವಯಸ್ಸನ್ನು ದಾಖಲೆಯಿಂದ ತೋರಿಸುವ ಹೊಣೆ ಮಾರುವವರದು. ನ್ಯೂಯಾರ್ಕ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ ರಾಜ್ಯಗಳ ನಿಯಮ ಇನ್ನೂ ಕಠಿಣ. ಬ್ರಿಟನ್ನಿನಲ್ಲಿಯೂ 2022ರ ಜೂನ್‌ನಿಂದ ದಂತದ ಕಾನೂನು ಜಾರಿಯಲ್ಲಿದೆ. ಹಾಗಾಗಿ ಯಾವ ರಾಜ್ಯದಲ್ಲಿ ಹರಾಜು ನಡೆಯುತ್ತದೆ, ಕೊಂಡವರು ಎಲ್ಲಿಯವರು ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ.

ಹಳೆಯ_ನಳಿಕೆ:
ಈ ತೊಡಕು ತಪ್ಪಿಸಲೆಂದು ದಂತದ ಹಿಡಿ ಕಳಚಿ ಮರದ್ದು ಹಾಕಿಸಬೇಡಿ. ಕಾರ್ಖಾನೆಯಿಂದಲೇ ದಂತದ ಹಿಡಿಯೊಂದಿಗೆ ಹೋಗಿದ್ದರೆ ಕೋಲ್ಟ್ ಪತ್ರದಲ್ಲಿ ಅದು ಬರಬಹುದು, ಆಗ ವಯಸ್ಸಿನ ದಾಖಲೆಯೂ ಅದೇ ಆಗುತ್ತದೆ. ಹಿಡಿಯ ಒಳಬದಿಯಲ್ಲಿ ಬಂದೂಕಿನ ಕ್ರಮಸಂಖ್ಯೆಯನ್ನು ಬರೆದಿರುವುದೂ ಉಂಟು. ಅದನ್ನು ನೋಡುವ ಆತುರದಲ್ಲಿ ನೀವೇ ತಿರುಪು ಬಿಚ್ಚಲು ಹೋಗಬೇಡಿ. ಸರಿಹೊಂದದ ತಿರುಪುಳಿ ಜಾರಿದರೆ ತಿರುಪಿನ ತಲೆ ಹಾಳಾಗುತ್ತದೆ, ಹಳೆಯ ದಂತ ಸೀಳುತ್ತದೆ. ಸಂಸ್ಥೆಯ ತಜ್ಞರೇ ತೆಗೆಯಲಿ, ನೀವು ಎದುರಿಗಿದ್ದು ಫೋಟೋ ತೆಗೆದುಕೊಳ್ಳಿ.